ಪತ್ರಿಕಾಧರ್ಮದ ಪಾಠ

ವೃತ್ತಪತ್ರಿಕೆಯ ಕೆಲಸವನ್ನು ಕಲಿಯಲು ಬಂದ ತರುಣ ತರುಣಿಯರಿಗೆ ನಾವು ವಾರಕ್ಕೆ ಮೂರು ಗಂಟೆಯಂತೆ ವೃತ್ತಿಧರ್ಮವೆಂಬ ವಿಷಯವನ್ನು ಬೋಧಿಸುತ್ತ ಬಂದಿದ್ದೇವೆ. ಈ ಮಾತನ್ನು ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. ವಯಸ್ಸಾದ ಸಂಪಾದಕರೊಬ್ಬರು ನಮ್ಮ ಮಿತ್ರರು, ಅವರಂತೂ "ಕಪ್ಪುಹಲಗೆಯ ಮೇಲೆ ಈಜು ಕಲಿಸುತ್ತೀರಂತಲ್ಲ!" ಎಂದು ಹಾಸ್ಯಮಾಡಿದರು. ಅವರ ಹಾಸ್ಯದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಸುಳ್ಳು ಹೇಳಬಾರದು, ಲಂಚ ತಿನ್ನಬಾರದು, ಪರರ ಮನೆಯ ಕಿಟಕಿಯಲ್ಲಿ ಇಣಿಕಬಾರದು ಎಂಬುದನ್ನು ತಾಯಿಯ ಮಡಿಲಿನಲ್ಲಿ ಕಲಿಯದವನು ಇಪ್ಪತ್ತನೆಯ ವಯಸ್ಸಿನಲ್ಲಿ ಬೆಂಚಿನ ಮೇಲೆ ಕುಳಿತು ಕಲಿತಾನೆಯೆ? ಮನೆಯಲ್ಲಿಯೇ ಕಲಿತು ಬಂದವನಿಗೆ ನಮ್ಮ ಬೆಂಚಿನಿಂದ ಆಗಬೇಕಾದುದೇನು? ಈ ಪ್ರಶ್ನೆಯನ್ನು ನಾವು ನಮ್ಮಲ್ಲಿಯೇ ಅನೇಕ ವರ್ಷ ಕೇಳಿಕೊಂಡಿದ್ದೇವೆ. ಅದಕ್ಕೆ ದೊರೆತ ಉತ್ತರ, ಉತ್ತರವೆನ್ನಲು ಅದು ಯೋಗ್ಯವಾದರೆ, ಪುಸ್ತಕದಿಂದ ಬಂದುದಲ್ಲ. ಇನ್ನಂಜೆಯ ಒಂದು ಮನೆಯ ಜಗಲಿಯಿಂದ ಬಂದುದು. ಆ ಸಂಗತಿಯನ್ನು ಹೇಳುವುದಕ್ಕೆ ಮೊದಲು ಪೀಠಿಕೆಯಾಗಿ ಕೆಲವು ಮಾತು ಬೇಕು.

ವಕೀಲನು ತಪ್ಪಿ ನಡೆದರೆ ಅವನ ಸನ್ನದು ಹೋಗುತ್ತದೆ. ವೈದ್ಯನು ತಪ್ಪಿ ನಡೆದರೆ ಅವನ ಹೆಸರನ್ನು ನೋಂದಣಿಯ ಪುಸ್ತಕದಿಂದ ತೆಗೆಯಬಹುದು. ಪತ್ರಿಕಾಕರ್ತನಿಗೆ ಸನ್ನದೇ ಇಲ್ಲ. ಇಲ್ಲದ ಸನ್ನದನ್ನು ಕಿತ್ತುಕೊಳ್ಳುವವರು ಯಾರು? ಇದು ಮರೆವಿನಿಂದ ಆದ ಲೋಪವಲ್ಲ. ನಮ್ಮ ಸಂವಿಧಾನದ ೧೯ನೆಯ ಅನುಚ್ಛೇದವು ಮಾತಿನ ಸ್ವಾತಂತ್ರ್ಯವನ್ನು ಎಲ್ಲ ಪ್ರಜೆಗಳಿಗೂ ಕೊಟ್ಟಿದೆಯೇ ಹೊರತು ಪತ್ರಿಕೆಯವರಿಗೆಂದು ಬೇರೆಯಾಗಿ ಏನನ್ನೂ ಎತ್ತಿಟ್ಟಿಲ್ಲ. ಬರೆಯುವುದಕ್ಕೆ ಯಾರದಾದರೂ ಅಪ್ಪಣೆಚೀಟಿ ಬೇಕೆಂದಾದ ದಿನ ಬರೆವಣಿಗೆಯಲ್ಲಿ ಹುರುಳೇ ಉಳಿಯುವುದಿಲ್ಲ. ಆದುದರಿಂದ ಬಾಗಿಲು ಇಲ್ಲದಿರುವುದೇ ಸರಿ. ಆದರೆ ಬಾಗಿಲಿಲ್ಲದ ಮನೆಗೆ ಯಾರು ಬೇಕಾದರೂ ನುಗ್ಗಬಹುದಷ್ಟೆ.

ಬಾಗಿಲಿಗೆ ಬದಲಾಗಿ ನಮ್ಮ ದೇಶದಲ್ಲಿ ಒಂದು ಪತ್ರಿಕಾ ಮಂಡಳಿಯುಂಟು. ೧೯೬೫ರ ಕಾನೂನಿನಂತೆ ೧೯೬೬ರ ಜುಲೈ ತಿಂಗಳಿನಲ್ಲಿ ಅದು ಹುಟ್ಟಿತು; ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬ರ ಆರಂಭದಲ್ಲಿ, ಅದನ್ನು ಮುಚ್ಚಿದರು; ೧೯೭೮ರ ಕಾನೂನು ಅದಕ್ಕೆ ಮರುಜನ್ಮ ಕೊಟ್ಟಿತು. ತಪ್ಪಿದ ಪತ್ರಿಕೆಗೆ ಎಚ್ಚರಿಕೆ ಹೇಳುವುದು, ಗದರಿಸುವುದು, ಖಂಡಿಸುವುದು, ಇಷ್ಟೇ ಅದರ ಅಧಿಕಾರ. ದಂಡ ವಿಧಿಸುವ ಶಕ್ತಿ ಅದಕ್ಕಿಲ್ಲ. ದೂರದರ್ಶನದ ಸುದ್ದಿವಾಹಿನಿಗಳಂತೂ ಅದರ ಎಲ್ಲೆಗೆ ಹೊರಗಿವೆ. ಮಂಡಳಿಯು ಹೊರಡಿಸಿರುವ ನಡತೆಯ ನಿಯಮಗಳು ಒಳ್ಳೆಯವೇ. ಅವನ್ನು ಓದಿದವರು ಎಷ್ಟು ಮಂದಿ ಎಂಬುದನ್ನು ಕೇಳದಿರುವುದು ಲೇಸು.

ಈ ವಿಷಯದಲ್ಲಿ ಕನ್ನಡನಾಡಿಗೆ ಹೇಳಿಕೊಳ್ಳತಕ್ಕ ಹಿರಿಮೆ ಇಲ್ಲದೆ ಇಲ್ಲ. ೧೮೪೩ರ ಜುಲೈ ೧ರಂದು ಹರ್ಮನ್ ಮೊಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ "ಮಂಗಳೂರ ಸಮಾಚಾರ"ವೇ ಕನ್ನಡದ ಮೊದಲನೆಯ ಪತ್ರಿಕೆ. ಅದು ಪಾಕ್ಷಿಕ, ಮರುವರ್ಷವೇ ಹೆಸರು ಬದಲಾಯಿಸಿಕೊಂಡು ಬಳ್ಳಾರಿಗೆ ಹೋಯಿತು. ಜುಲೈ ೧ನ್ನು ನಾಡಿನಲ್ಲೆಲ್ಲ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಹಾರಗಳೂ ಭಾಷಣಗಳೂ ಧಾರಾಳವಾಗಿ ಇರುತ್ತವೆ. ನಮಗೆ ಅದಕ್ಕಿಂತ ಹೆಚ್ಚಾಗಿ ನೆನಪಿಗೆ ಬರುವ ವರ್ಷ ೧೯೦೮. ಆ ವರ್ಷ ಅಮೆರಿಕಾ ದೇಶದ ಮಿಸ್ಸೂರಿ ವಿಶ್ವವಿದ್ಯಾನಿಲಯವು ಪತ್ರಿಕಾವೃತ್ತಿಯನ್ನು ಕಲಿಸುವುದಕ್ಕೆಂದೇ ಒಂದು ಶಾಲೆಯನ್ನು ತೆರೆಯಿತು. ಅದೇ ವರ್ಷ ಮೈಸೂರು ಸಂಸ್ಥಾನವು ಪತ್ರಿಕೆಗಳನ್ನು ಹತೋಟಿಯಲ್ಲಿಡುವುದಕ್ಕೆ ಒಂದು ಶಾಸನವನ್ನು ತಂದಿತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಗಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅವರು ವೃತ್ತಿಯಿಂದ ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರು. ಪತ್ರಿಕಾಧರ್ಮವನ್ನು ಅವರು ಯಾವ ತರಗತಿಯಲ್ಲಿಯೂ ಕಲಿತವರಲ್ಲ. ಡಿ. ವಿ. ಗುಂಡಪ್ಪನವರೂ ಅಷ್ಟೆ, ೧೯೨೮ರಲ್ಲಿ ಬಾಗಿಲಕೋಟೆಯ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, "ವೃತ್ತಪತ್ರಿಕೆ" ಎಂಬ ಗ್ರಂಥವನ್ನೂ ಬರೆದು ಈ ವೃತ್ತಿಗೆ ಕನ್ನಡದಲ್ಲಿ ಒಂದು ವಿಚಾರದ ತಳಹದಿಯನ್ನು ಹಾಕಿದವರು. ಸರಕಾರದಿಂದ ಅವರಿಗೆ ಬಂದ ಚೆಕ್ಕುಗಳು ನಗದಾಗದೆ ಪೆಟ್ಟಿಗೆಯಲ್ಲಿಯೇ ಉಳಿದಿದ್ದುವೆಂದು ಹೇಳುತ್ತಾರೆ. ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ಕೈಮುಗಿಯುತ್ತಾರೆ. ಕೈಮುಗಿಯುವುದೆಂಬುದು ದೂರವಿಡುವ ಉಪಾಯಗಳಲ್ಲಿ ಒಂದೆಂದು ನಮಗೆ ಬಹಳ ತಡವಾಗಿ ತಿಳಿಯಿತು.

೧೯೫೧ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮವನ್ನು ಕಲಿಸುವ ಏರ್ಪಾಡಾಯಿತು. ಉಡುಪಿಯ ಸೀಮೆಗೆ ಈ ವಿದ್ಯೆ ಬಂದುದು ತಡವಾಗಿ. ಮಣಿಪಾಲದಿಂದ "ಉದಯವಾಣಿ" ದಿನಪತ್ರಿಕೆ ಹೊರಟುದು ೧೯೭೦ರಲ್ಲಿ. ಅಲ್ಲಿಯ ಸಂವಹನ ವಿದ್ಯಾಲಯ ಆರಂಭವಾದುದು ೧೯೯೭ರಲ್ಲಿ. ಆಮೇಲೆ ಸುತ್ತಣ ಕಾಲೇಜುಗಳಲ್ಲಿಯೂ ಈ ಪಾಠ ಹಬ್ಬಿತು. ನಾವು ಪಾಠ ಹೇಳುವುದು ಅಂಥದೊಂದು ಕಾಲೇಜಿನಲ್ಲಿ. ಅದರ ಹೆಸರು ಇಲ್ಲಿ ಅನಾವಶ್ಯಕ.

ಮೊದಮೊದಲು ನಾವು ಎಲ್ಲರೂ ಮಾಡುವಂತೆಯೇ ಮಾಡಿದೆವು. ಮಂಡಳಿಯ ನಿಯಮಗಳನ್ನು ಬರೆಸಿದೆವು. ನಿಖರತೆ, ನಿಷ್ಪಕ್ಷಪಾತ, ಖಾಸಗಿ ಬಾಳಿನ ಗೌರವ, ಮೂಲವನ್ನು ಬಯಲುಮಾಡದಿರುವುದು, ಹೀಗೆ ಒಂದೊಂದಕ್ಕೂ ಲಕ್ಷಣ ಹೇಳಿ ಉದಾಹರಣೆ ಕೊಟ್ಟೆವು. ವರ್ಷದ ಕೊನೆಯಲ್ಲಿ ಪರೀಕ್ಷೆ. ಉತ್ತರಪತ್ರಿಕೆಯಲ್ಲಿ ಎಲ್ಲರೂ ಧರ್ಮರಾಯರೇ. ತಪ್ಪು ಉತ್ತರ ಬರೆದವನೊಬ್ಬನನ್ನೂ ನಾವು ಕಾಣಲಿಲ್ಲ. ಒಂದು ವಿಷಯದಲ್ಲಿ ಯಾರೂ ತೇರ್ಗಡೆಯಾಗದಿದ್ದರೆ ಉಪಾಧ್ಯಾಯನು ಚಿಂತಿಸಬೇಕು. ಎಲ್ಲರೂ ತೇರ್ಗಡೆಯಾದರೆ ಇನ್ನೂ ಹೆಚ್ಚಾಗಿ ಚಿಂತಿಸಬೇಕು. ನಾವು ಚಿಂತಿಸಲಿಲ್ಲ.

ಉಡುಪಿಯಿಂದ ದಕ್ಷಿಣಕ್ಕೆ ಹೊರಟ ರೈಲಿಗೆ ಮುಂದಿನ ನಿಲ್ದಾಣವೇ ಇನ್ನಂಜೆ. ಕೊಂಕಣ ರೈಲುಮಾರ್ಗದ ಸಣ್ಣ ನಿಲ್ದಾಣಗಳಲ್ಲಿ ಅದೊಂದು. ಕಾಪುವಿನ ಕಡಲು ಅಲ್ಲಿಗೆ ದೂರವಲ್ಲ. ಪಕ್ಕದಲ್ಲಿಯೇ ಶಂಕರಪುರ, ಉಡುಪಿ ಮಲ್ಲಿಗೆಯೆಂದು ಹೆಸರಾಗಿ, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದಿರುವ ಹೂವಿನ ತವರು ಅದು. ಆ ಸುತ್ತಿನ ಹಳ್ಳಿಗಳಲ್ಲಿ ಮಲ್ಲಿಗೆಯ ಗಿಡಗಳಿಲ್ಲದ ಹಿತ್ತಿಲು ಅಪೂರ್ವ. ಬೆಳಗಿನ ಜಾವದಲ್ಲಿ ಮೊಗ್ಗು ಬಿಡಿಸಿ, ಬಾಳೆಯ ನಾರಿನಿಂದ ಕಟ್ಟಿ, ಹೊತ್ತು ಏರುವ ಮೊದಲು ಹೂವಿನ ಕಟ್ಟೆಗೆ ಕಳುಹಿಸಬೇಕು. ೮೦೦ ಹೂ ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ಬೆಲೆ ದಿನಕ್ಕೊಂದು. ಶಂಕರಪುರದ ಕಟ್ಟೆಯಲ್ಲಿ ವ್ಯಾಪಾರಿಗಳು ಅದನ್ನು ಗೊತ್ತುಮಾಡುತ್ತಾರೆ. ಮದುವೆಯ ಕಾಲದಲ್ಲಿಯೂ ಹಬ್ಬಗಳಲ್ಲಿಯೂ ಏರುತ್ತದೆ; ಆಷಾಢದಲ್ಲಿ ಇಳಿಯುತ್ತದೆ. ಮಂಗಳೂರಿಗೂ ಮುಂಬಯಿಗೂ ಹೋಗುವ ಹೂವಿಗೆ ಅಂದು ಎಷ್ಟು ಬಂತೆಂಬುದೇ ಆ ಸೀಮೆಯ ನೂರಾರು ಮನೆಗಳಿಗೆ ದಿನದ ಮುಖ್ಯ ಸಮಾಚಾರ.

ನಮ್ಮ ವಿದ್ಯಾರ್ಥಿಗಳನ್ನು ಮೊದಲ ಅಭ್ಯಾಸಕ್ಕೆ ಅಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. "ಈ ದಿನದ ಅಟ್ಟೆಯ ಬೆಲೆಯನ್ನು ಬರೆದು ತನ್ನಿ" ಎಂಬುದೇ ಪಾಠ. ಹುಡುಗರು ಮೊದಲು ಮುಖ ಸಿಂಡರಿಸುತ್ತಾರೆ; ಪ್ರಪಂಚವನ್ನು ನಡುಗಿಸುವ ವರದಿಗಳನ್ನು ಬರೆಯಬಂದವರಿಗೆ ಹೂವಿನ ದರವೆಂದರೆ ಅವಮಾನ. ಹತ್ತು ಮಂದಿ ಹೋದರೆ ಮೂರು ಬಗೆಯ ಬೆಲೆ ತರುತ್ತಾರೆ. ಒಬ್ಬನು ಕೊಳ್ಳುವವನು ಹೇಳಿದುದನ್ನು ಬರೆದಿರುತ್ತಾನೆ, ಒಬ್ಬನು ಕಟ್ಟೆಯಲ್ಲಿ ಗೊತ್ತಾದುದನ್ನು, ಇನ್ನೊಬ್ಬನು ಹೂ ಕಟ್ಟುವಾಕೆಯ ಕೈಗೆ ನಿಜವಾಗಿ ಬಂದುದನ್ನು. ಮೂರೂ ಸುಳ್ಳಲ್ಲ; ಮೂರೂ ಒಂದೇ ಅಲ್ಲ. ಬೆಲೆಯನ್ನು ತಪ್ಪಾಗಿ ಅಚ್ಚುಹಾಕಿದರೆ ದೂರದ ಹಳ್ಳಿಯ ಮುದುಕಿ ಆ ದಿನ ಮೋಸಹೋಗುತ್ತಾಳೆ. ನಿಖರತೆ ಎಂಬ ಪದವನ್ನು ಹತ್ತು ಸಲ ಬರೆಸಿದಾಗ ಆಗದ ತಿಳಿವಳಿಕೆ ಇಲ್ಲಿ ಒಂದು ಬೆಳಗಿನಲ್ಲಿ ಆಗುತ್ತಿತ್ತು. ಇದರಿಂದ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ವರ್ಷ ನಾವು ಪಾಠವನ್ನು ಬೆಳೆಸಿದೆವು. ಬೆಲೆಯ ಜೊತೆಗೆ ಒಂದು ಮನೆಯ ಚಿತ್ರವನ್ನೂ ಬರೆಯಿರಿ ಎಂದೆವು. ಘಟ್ಟದ ಮೇಲಿನಿಂದ ಬಂದ ಹುಡುಗನೊಬ್ಬನಿದ್ದನು. ಚುರುಕು, ಭಾಷೆಯ ಮೇಲೆ ಹಿಡಿತ, ಕೇಳುವ ಕಿವಿ, ಎಲ್ಲವೂ ಇದ್ದುವು. ಅವನು ಮೂರು ದಿನ ಬೆಳಗ್ಗೆ ಒಂದೇ ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತನು. ನಾರು ಹಿಡಿದು ತಾನೂ ಹೂ ಕಟ್ಟಲು ಯತ್ನಿಸಿದನು. ಮನೆಯಾಕೆ ನಕ್ಕು, ಕೈಹಿಡಿದು ಕಲಿಸಿದಳು. ಮೂರನೆಯ ದಿನ ಮಾತಿನ ನಡುವೆ ಆಕೆ ಒಂದು ಸಂಗತಿಯನ್ನು ಹೇಳಿದಳು: ದಿನವೂ ಕಟ್ಟುವ ಹೂವಿನಲ್ಲಿ ಒಂದು ಚೆಂಡಿನ ಹಣವನ್ನು ಆಕೆ ಮನೆಯವರಿಗೆ ತಿಳಿಯದಂತೆ ನೆರೆಮನೆಯವಳ ಕೈಯಲ್ಲಿ ಇಡುತ್ತಿದ್ದಳು. ಮಗಳನ್ನು ಕಾಲೇಜಿಗೆ ಕಳುಹಿಸಬೇಕೆಂಬುದು ಆಕೆಯ ಸಂಕಲ್ಪ. (ಈ ಕಥೆಯನ್ನು ಹೇಳುವುದಕ್ಕೆ ನಾವು ಆಕೆಯ ಒಪ್ಪಿಗೆಯನ್ನು ಪಡೆದಿದ್ದೇವೆ, ಗುರುತಾಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿಯೂ ಇದ್ದೇವೆ.)

ಹುಡುಗನು ಬರೆದ ಲೇಖನ ನಿಜವಾಗಿಯೂ ಚೆನ್ನಾಗಿತ್ತು. ಒಂದು ಚೆಂಡು ಹೂವಿನಲ್ಲಿ ಒಬ್ಬ ತಾಯಿ ಮಗಳ ಭವಿಷ್ಯವನ್ನು ಕಟ್ಟುತ್ತಿರುವ ಬಗೆಯನ್ನು ಅವನು ಆದರದಿಂದ ಚಿತ್ರಿಸಿದ್ದನು. ಹೆಸರು ಸರಿಯಾಗಿತ್ತು, ಊರು ಸರಿಯಾಗಿತ್ತು, ಬೆಲೆ ಸರಿಯಾಗಿತ್ತು. ಆಕೆಯ ಒಪ್ಪಿಗೆ ಪಡೆದು ತೆಗೆದ ಭಾವಚಿತ್ರವೂ ಇತ್ತು. ನಾವು ಅಂಚಿನಲ್ಲಿ ಕೆಂಪು ಶಾಯಿಯಿಂದ ಎರಡು ಕಾಗುಣಿತದ ದೋಷಗಳನ್ನು ತಿದ್ದಿ, ತರಗತಿಯಲ್ಲಿಯೇ ಅತಿ ಹೆಚ್ಚು ಅಂಕ ಕೊಟ್ಟೆವು. ಕಾಲೇಜಿನ ಅಭ್ಯಾಸಪತ್ರಿಕೆಯ ಮೊದಲ ಪುಟದಲ್ಲಿ ಅದನ್ನು ಹಾಕಿಸಿದವರೂ ನಾವೇ. ಅಚ್ಚಾದ ಪ್ರತಿಗಳು ಮುನ್ನೂರು. ಕೈಯಲ್ಲಿ ಹಿಡಿಯುವ ಫೋನುಗಳಲ್ಲಿ ಹರಿದಾಡಿದ ಪ್ರತಿಗಳಿಗೆ ಲೆಕ್ಕವಿಲ್ಲ. ಇನ್ನಂಜೆಗೆ ಅದು ಕಾಲೇಜಿನಿಂದ ಬರಲಿಲ್ಲ. ಮುಂಬಯಿಯ ಬಂಧುಗಳ ಮೂಲಕ ಬಂತು. ನಮ್ಮ ಊರಿನವಳು ಪೇಪರಿನಲ್ಲಿ ಬಂದಿದ್ದಾಳೆಂದು ಸಂತೋಷದಿಂದಲೇ ಕಳುಹಿಸಿದ್ದರಂತೆ.

ಸುಮಾರು ಎರಡು ವಾರದ ಮೇಲೆ ಆ ಮನೆಯ ಮಗಳು ಹುಡುಗನಿಗೆ ಫೋನ್ ಮಾಡಿದಳು. ಬಯ್ಯಲಿಲ್ಲ, ಅಳಲೂ ಇಲ್ಲ. "ಅಣ್ಣಾ, ಅದನ್ನು ತೆಗೆಯಲಿಕ್ಕೆ ಆಗ್ತದಾ?" ಎಂದಷ್ಟೇ ಕೇಳಿದಳಂತೆ. ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ನೆರೆಮನೆಗೆ ಹೋಗಿ ಹಣವನ್ನು ಕೇಳಿ ಪಡೆದು, ಹಳೆಯ ಸಾಲವೊಂದಕ್ಕೆ ಕಟ್ಟಿಯಾಗಿತ್ತು. ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಹುಡುಗಿ ಆ ವರ್ಷ ಕಾಲೇಜಿಗೆ ಸೇರಲಿಲ್ಲ.

ನಾವು ಹುಡುಗನನ್ನು ಕರೆದುಕೊಂಡು ಇನ್ನಂಜೆಗೆ ಹೋದೆವು. ಹೋಗುವಾಗ ಏನೇನೋ ಮಾತುಗಳನ್ನು ಜೋಡಿಸಿಕೊಂಡಿದ್ದೆವು. ಜಗಲಿಯನ್ನು ಹತ್ತಿದ ಮೇಲೆ ಒಂದೂ ಉಳಿಯಲಿಲ್ಲ. ಆ ಸೀಮೆಯ ಮರ್ಯಾದೆಯಂತೆ ಮನೆಯಾಕೆ ಮೊದಲು ಬೆಲ್ಲವನ್ನೂ ನೀರನ್ನೂ ತಂದಿಟ್ಟಳು. ನಾವು ಕ್ಷಮೆ ಕೇಳಿದೆವು. ಶುಲ್ಕದ ಹಣವನ್ನು ನಾವು ಕೊಡುತ್ತೇವೆಂದೂ ಹೇಳಿದೆವು. ಆಕೆ ಒಪ್ಪಲಿಲ್ಲ. ಬಹಳ ಹೊತ್ತಿನ ಮೇಲೆ, "ಅವ ಮಗನ ಹಾಗೆ ಕೂತಿದ್ದ ಮಾಸ್ಟ್ರೇ. ಮಕ್ಕಳ ಹತ್ತಿರ ಹೇಳಿದ್ದು ಪೇಪರಿಗೆ ಹೋಗ್ತದೆ ಅಂತ ನನಗೆ ಗೊತ್ತಾಗಲಿಲ್ಲ" ಎಂದಳು. ಮತ್ತೆ ಹೂವಿನ ಕಡೆಗೆ ತಿರುಗಿದಳು.

ಮರಳಿ ಬರುವಾಗ ರೈಲಿನಲ್ಲಿ ನಾವಿಬ್ಬರೂ ನಿಯಮಗಳನ್ನು ಒಂದೊಂದಾಗಿ ಲೆಕ್ಕಹಾಕಿದೆವು. ಸುಳ್ಳು ಬರೆದಿಲ್ಲ. ದ್ವೇಷದಿಂದ ಬರೆದಿಲ್ಲ. ವೇಷ ಮರೆಸಿಕೊಂಡು ಹೋಗಿಲ್ಲ. ಕಾಲೇಜಿನ ಪತ್ರಿಕೆಗೆ ಬರೆಯುತ್ತೇನೆಂದು ಮೊದಲ ದಿನವೇ ಹೇಳಿದ್ದಾನೆ. ಖಾಸಗಿ ಸಂಗತಿಯೆಂಬ ನಿಯಮವೊಂದು ಉಂಟು. ಆದರೆ ಹೇಳಿದವಳು ಆಕೆಯೇ, ಹೇಳಬೇಡವೆಂದು ಅಂದವಳಲ್ಲ. ಪತ್ರಿಕೆಯೆಂದರೆ ಆಕೆಯ ಮನಸ್ಸಿನಲ್ಲಿ ಹೂವಿನ ಬೆಲೆ ಬರುವ ಕಾಗದ. ಹುಡುಗನ ಮನಸ್ಸಿನಲ್ಲಿದ್ದ ಪತ್ರಿಕೆಯೇ ಬೇರೆ. ಆಕೆ ಮೂರನೆಯ ದಿನ ಪತ್ರಿಕೆಯನ್ನು ಮರೆತು ಹುಡುಗನೊಡನೆ ಮಾತನಾಡಿದಳು. ಆಗ ನಾವು ಅವನನ್ನು ಕೇಳಿದೆವು: "ಆಕೆ ಮರೆತಿದ್ದಳು, ನಿಜ. ನೀನೂ ಮರೆತಿದ್ದೆಯಾ?" ಅವನು ಕಿಟಕಿಯ ಹೊರಗೆ ನೋಡುತ್ತ, "ಇಲ್ಲ ಸಾರ್. ಆಕೆ ಹೇಳುತ್ತಿದ್ದ ಹಾಗೆಯೇ, ಒಳ್ಳೆಯದು ಸಿಕ್ಕಿತು ಅಂತ ಸಂತೋಷವಾಯಿತು" ಎಂದನು.

ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾವು ಯಾವ ಪರೀಕ್ಷೆಯಲ್ಲಿಯೂ ಓದಿರಲಿಲ್ಲ. ಆ ಸಂತೋಷವನ್ನು ಬರೆಯುವವರೆಲ್ಲರೂ ಬಲ್ಲರು, ನಾವೂ ಬಲ್ಲೆವು. ಎದುರಿನವರು ಬಾಯಿ ಬಿಟ್ಟೊಡನೆ ನಮ್ಮ ಕಿವಿಯಲ್ಲಿ ಅದು ಆಗಲೇ ಅಚ್ಚಾದ ಸಾಲಾಗಿ ಕೇಳಿಸುತ್ತದೆ. ಅಮೆರಿಕಾದ ಜಾನೆಟ್ ಮಾಲ್ಕಮ್ ಎಂಬ ಲೇಖಕಿ ೧೯೯೦ರಲ್ಲಿ ಪ್ರಕಟವಾದ ತನ್ನ ಪುಸ್ತಕವೊಂದರಲ್ಲಿ, ನಂಬಿ ಮಾತನಾಡಿದವನಿಗೂ ನಂಬಿಸಿ ಬರೆದವನಿಗೂ ನಡುವೆ ಇರುವ ಈ ಸಂಬಂಧವನ್ನೇ ನಿರ್ದಯವಾಗಿ ಪರೀಕ್ಷಿಸಿದ್ದಾಳೆ. ಅಲ್ಲಿಯ ಪ್ರಸಂಗ ಒಂದು ಕೊಲೆಯ ಮೊಕದ್ದಮೆಗೆ ಸೇರಿದುದು, ವಂಚನೆಯೂ ದೊಡ್ಡದು. ನಮ್ಮ ಪ್ರಸಂಗದಲ್ಲಿ ವಂಚನೆಯೇ ಇರಲಿಲ್ಲ. ಅದೇ ನಮಗೆ ಹೆಚ್ಚು ಭಯವನ್ನು ಹುಟ್ಟಿಸಿತು. ಕೆಟ್ಟವನು ಮಾಡಿದ ಕೆಡುಕಿಗೆ ನಿಯಮವುಂಟು; ಒಳ್ಳೆಯ ಹುಡುಗನೂ ಮೆಚ್ಚಿಕೊಂಡ ಉಪಾಧ್ಯಾಯನೂ ಕೂಡಿ ಮಾಡಿದ ಕೆಡುಕಿಗೆ ಯಾವ ನಿಯಮ?

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂದಿದೆ. ಯಾರ ಮನೆಯ ಜಗಲಿಯ ಮೇಲೆ ಕುಳಿತು ಬರೆದುಕೊಂಡು ಬಂದಿರುವಿರೋ ಆ ಮನೆಗೆ ಅಚ್ಚಿಗೆ ಮೊದಲು ತಿರುಗಿ ಹೋಗಬೇಕು. ಬರೆದುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಇನ್ನಂಜೆಯಲ್ಲಿ ಅದು ತುಳುವಾದೀತು. ಇನ್ನೊಂದು ಕಡೆ ಕೊಂಕಣಿ ಅಥವಾ ಬ್ಯಾರಿಯಾದೀತು. ತಾನು ಬರೆದುದನ್ನು ಎದುರಿಗೆ ಕುಳಿತ ಮನುಷ್ಯನ ಮುಖವನ್ನು ನೋಡುತ್ತ ಓದುವುದು ಬಹಳ ಕಷ್ಟದ ಕೆಲಸ. ಅಲಂಕಾರಗಳು ತಾವಾಗಿಯೇ ಉದುರುತ್ತವೆ.

ಇದನ್ನು ನಮ್ಮ ಸಂಪಾದಕ ಮಿತ್ರರಿಗೆ ಹೇಳಿದಾಗ ಅವರು ಬಹಳ ಕೋಪಿಸಿಕೊಂಡರು. "ಹಾಗಾದರೆ ಕಂತ್ರಾಟುದಾರನಿಗೂ ಓದಿ ಹೇಳಿ ಬರುತ್ತೀರೇನು? ಮಂತ್ರಿಗೂ ತೋರಿಸಿ ಅಚ್ಚುಹಾಕುತ್ತೀರೇನು?" ಎಂದರು. ಅವರ ಕೋಪ ನ್ಯಾಯವಾದುದು. ಅಧಿಕಾರದಲ್ಲಿರುವವನಿಗೆ ವರದಿಯನ್ನು ಮುಂಚಿತವಾಗಿ ತೋರಿಸುವುದೆಂದರೆ ಕತ್ತರಿಯನ್ನು ಅವನ ಕೈಗೆ ಕೊಟ್ಟಂತೆ. ರಸ್ತೆಯ ಹಣವನ್ನು ನುಂಗಿದವನನ್ನು ಕೇಳಬೇಕು, ಅವನ ಉತ್ತರವನ್ನು ಬರೆಯಬೇಕು. ಕರಡನ್ನು ಅವನಿಗೆ ತೋರಿಸಕೂಡದು. ಹೂ ಕಟ್ಟುವಾಕೆಗೆ ಒಂದು ನ್ಯಾಯ, ಕಂತ್ರಾಟುದಾರನಿಗೆ ಇನ್ನೊಂದು ನ್ಯಾಯವೆ ಎಂದರೆ, ಹೌದು ಎಂಬುದೇ ನಮ್ಮ ಅಭಿಪ್ರಾಯ. ಒಬ್ಬನಿಗೆ ಪತ್ರಿಕೆಯೆಂದರೆ ಏನೆಂಬುದು ನಮಗಿಂತ ಚೆನ್ನಾಗಿ ಗೊತ್ತು, ಅವನ ಹಿಂದೆ ವಕೀಲರಿದ್ದಾರೆ. ಇನ್ನೊಬ್ಬಳ ಹಿಂದೆ ನೆರೆಮನೆಯವಳಿದ್ದಳು, ಅವಳನ್ನೂ ನಾವು ಕಳೆದೆವು. ಇವರಿಬ್ಬರ ನಡುವೆ ಇರುವವರು ಬಹುಮಂದಿ. ಪಂಚಾಯತಿಯ ಸದಸ್ಯೆ, ಶಾಲೆಯ ಅಡುಗೆಯವಳು, ಸಣ್ಣ ಅಂಗಡಿಯವನು, ಇವರನ್ನು ಯಾವ ಕಡೆಗೆ ಸೇರಿಸಬೇಕೆಂದು ತರಗತಿಯಲ್ಲಿ ಪ್ರತಿವರ್ಷವೂ ಜಗಳವಾಗುತ್ತದೆ. ಆಗಲಿ.

ಇನ್ನೂ ಕಠಿನವಾದ ಪ್ರಕರಣವೊಂದುಂಟು. ಅದು ಇಡೀ ನಾಡಿಗೆ ಗೊತ್ತಿರುವುದು. ೨೦೧೨ರ ಜುಲೈ ೨೮ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ದಾಳಿಮಾಡಿತು. ಸುದ್ದಿವಾಹಿನಿಗಳ ಕ್ಯಾಮರಾಗಳು ಅಲ್ಲಿದ್ದುವು. ದೇಶವೆಲ್ಲ ಆ ದೃಶ್ಯಗಳನ್ನು ನೋಡಿತು. ಕಸ್ತೂರಿ ವಾಹಿನಿಯ ವರದಿಗಾರ ನವೀನ್ ಸೂರಿಂಜೆಯವರನ್ನು ಆ ವರ್ಷದ ನವೆಂಬರಿನಲ್ಲಿ ಪೊಲೀಸರು ಆರೋಪಿಯೆಂದು ಬಂಧಿಸಿದರು. ತಾನು ಪೊಲೀಸರಿಗೆ ಫೋನ್ ಮಾಡಲು ಯತ್ನಿಸಿದ್ದೆನೆಂದೂ ಉತ್ತರ ಬರಲಿಲ್ಲವೆಂದೂ ಅವರ ಹೇಳಿಕೆ. ಪತ್ರಕರ್ತರು ಎಲ್ಲೆಡೆ ಪ್ರತಿಭಟಿಸಿದರು. ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ಮಂತ್ರಿಮಂಡಲ ತೀರ್ಮಾನಿಸಿತು. ಆದರೂ ಅವರು ಹೊರಗೆ ಬಂದುದು ೨೦೧೩ರ ಮಾರ್ಚಿಯಲ್ಲಿ.

ಈ ಪ್ರಕರಣವನ್ನು ನಾವು ತರಗತಿಯ ಮುಂದೆ ಇಟ್ಟು ಸುಮ್ಮನಾಗುತ್ತೇವೆ. ಒಬ್ಬಳು, "ಹುಡುಗಿಯರನ್ನು ಹೊಡೆಯುತ್ತಿರುವಾಗ ಕ್ಯಾಮರಾ ಹಿಡಿದ ಕೈ ಏಕೆ ಕೆಳಗಿಳಿಯಲಿಲ್ಲ?" ಎಂದು ಕೇಳುತ್ತಾಳೆ. ಇನ್ನೊಬ್ಬನು, "ಕೆಳಗಿಳಿದಿದ್ದರೆ ಮಾರನೆಯ ದಿನ ಏನೂ ನಡೆಯಲೇ ಇಲ್ಲವೆಂದು ಹೇಳುತ್ತಿದ್ದರು, ಹೊಡೆದವರ ಮುಖ ಲೋಕಕ್ಕೆ ಕಂಡುದೇ ಆ ಕ್ಯಾಮರಾದಿಂದ" ಎನ್ನುತ್ತಾನೆ. ಗುಂಪಿನ ನಡುವೆ ಒಬ್ಬ ವರದಿಗಾರನು ಏನು ತಾನೇ ಮಾಡಬಹುದಿತ್ತೆಂದು ಮೂರನೆಯವನು. ಅದೇ ತಿಂಗಳಿನಲ್ಲಿ ಗುವಾಹಟಿಯಲ್ಲಿ ಒಬ್ಬ ಹುಡುಗಿಯ ಮೇಲೆ ಬೀದಿಯಲ್ಲಿ ನಡೆದ ಹಿಂಸೆಯನ್ನು ಚಿತ್ರೀಕರಿಸಿದ ಸಂಗತಿಯೂ ಚರ್ಚೆಗೆ ಬರುತ್ತದೆ. ವರದಿಗಾರನು ಮಾಡಿದುದು ಅಪರಾಧವಲ್ಲವೆಂದು ನಾವು ನಂಬುತ್ತೇವೆ. ಅವನು ಅದಕ್ಕಿಂತ ಬೇರೆ ಏನನ್ನು ಮಾಡಬೇಕಾಗಿತ್ತೆಂದು ಕೇಳಿದರೆ ನಮ್ಮಲ್ಲಿ ಉ‍ತ್ತರವಿಲ್ಲ. ಇಲ್ಲವೆಂದು ಹುಡುಗರ ಮುಂದೆ ಒಪ್ಪಿಕೊಳ್ಳುತ್ತೇವೆ. ಆದರೆ ಒಂದು ಮಾತಿನಲ್ಲಿ ನಮಗೆ ಸಂದೇಹವಿಲ್ಲ. ಬೀದಿಯಲ್ಲಿದ್ದವನಿಗೆ ಯೋಚಿಸಲು ನಿಮಿಷವೂ ಇರಲಿಲ್ಲ. ವಾಹಿನಿಗಳ ಕಚೇರಿಯಲ್ಲಿ ಗಾಳಿ ಹಾಕಿದ ಕೊಠಡಿಯಲ್ಲಿ ಕುಳಿತವರಿಗೆ ಬೇಕಾದಷ್ಟು ಇತ್ತು. ಪೆಟ್ಟು ತಿಂದ ಹುಡುಗಿಯರ ಮುಖವನ್ನು ಮರೆಸದೆ ಮತ್ತೆ ಮತ್ತೆ ತೋರಿಸಿದುದಕ್ಕೆ ಯಾವ ಸಮಾಧಾನವೂ ಇಲ್ಲ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಾಗ ಗುರುತು ಬಯಲುಮಾಡಬಾರದೆಂದು ೨೦೧೨ರ ಪೋಕ್ಸೋ ಕಾನೂನು ವಿಧಿಸಿದೆ. ಕಾನೂನು ಮುಟ್ಟದ ಕಡೆಯೂ ಮುಖವೆಂಬುದು ಮುಖವೇ.

ಪಾಠವೆಲ್ಲ ಮುಗಿದ ಮೇಲೆ ಹುಡುಗರು ಕೇಳುವ ಪ್ರಶ್ನೆ ಬೇರೆ. "ಸಾರ್, ಮಾಲೀಕರು ಹೇಳಿದಂತೆ ಮಾಡದಿದ್ದರೆ ಕೆಲಸ ಉಳಿಯುತ್ತದೆಯೆ?" ೨೦೦೯ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಹಣ ಕೊಟ್ಟವರ ಹೊಗಳಿಕೆಯನ್ನು ಸುದ್ದಿಯ ವೇಷದಲ್ಲಿ ಅಚ್ಚುಹಾಕಿದ ಸಂಗತಿಯನ್ನು ಪತ್ರಿಕಾ ಮಂಡಳಿಯ ಉಪಸಮಿತಿಯೊಂದು ವಿಚಾರಿಸಿ ೨೦೧೦ರಲ್ಲಿ ದೀರ್ಘ ವರದಿಯನ್ನು ಸಿದ್ಧಪಡಿಸಿತು. ಅಲ್ಲಿ ತಪ್ಪಿದವರು ಬಡ ವರದಿಗಾರರಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಾಲ್ಲೂಕಿನ ಬಿಡಿ ವರದಿಗಾರನಾಗಿದ್ದಾನೆ. ಅವನಿಗೆ ಸುದ್ದಿಗೆ ಬರುವ ಹಣ ಬಸ್ಸಿನ ಖರ್ಚಿಗೆ ಸಾಲದು. ಜಾಹೀರಾತು ತಂದುಕೊಟ್ಟರೆ ಕಮಿಷನ್ ಉಂಟು. ಯಾರ ಜಾಹೀರಾತನ್ನು ಬೆಳಗ್ಗೆ ಬೇಡಬೇಕೋ ಅವರ ಮೇಲೆಯೇ ಸಂಜೆ ಬರೆಯಬೇಕು. ಪತ್ರಿಕಾಗೋಷ್ಠಿಯ ಕೊನೆಯಲ್ಲಿ ಹಂಚುವ ಲಕೋಟೆಗೆ ನಮ್ಮ ಊರುಗಳಲ್ಲಿ ಕವರು ಎಂಬ ಗೌರವದ ಹೆಸರುಂಟು. ಅವನು ನಮ್ಮ ಮನೆಗೆ ಬಂದು, "ನೀವು ಕಲಿಸಿದ್ದು ಮರೆತಿಲ್ಲ ಸಾರ್, ಮರೆತಿದ್ದರೆ ಸುಖವಾಗಿ ಇರುತ್ತಿದ್ದೆ" ಎಂದನು. ಅವನಿಗೆ ನಾವು ಡಿ. ವಿ. ಜಿ.ಯವರ ಚೆಕ್ಕಿನ ಕಥೆಯನ್ನು ಹೇಳಲಿಲ್ಲ. ಊಟಕ್ಕೆ ನಿಲ್ಲಿಸಿಕೊಂಡೆವು. ವರದಿಗಾರನಿಗೆ ಬದುಕುವಷ್ಟು ಸಂಬಳವನ್ನು ಕೊಡದೆ ಅವನಿಂದ ಧರ್ಮವನ್ನು ನಿರೀಕ್ಷಿಸುವ ಮಾಲೀಕರಿಗೆ ವಾರಕ್ಕೆ ಮೂರು ಗಂಟೆಯ ಪಾಠವನ್ನು ಏರ್ಪಡಿಸುವುದು ಸಾಧ್ಯವಾದರೆ ನಾವು ಸಂಬಳವಿಲ್ಲದೆ ಹೋಗಲು ಸಿದ್ಧರಿದ್ದೇವೆ.

ಇನ್ನಂಜೆಯ ಆ ಮನೆಯ ಮಗಳು ಒಂದು ವರ್ಷ ಕಳೆದು ಕಾಲೇಜಿಗೆ ಸೇರಿದಳು. ಹಣ ಹೇಗೆ ಒದಗಿತೆಂದು ನಾವು ಕೇಳಲಿಲ್ಲ. ಲೇಖನವನ್ನು ಬರೆದ ಹುಡುಗನು ಈಗ ಬೆಂಗಳೂರಿನಲ್ಲಿ ಪತ್ರಿಕೆಯೊಂದರ ಮೇಜಿನಲ್ಲಿ ಕೆಲಸದಲ್ಲಿದ್ದಾನೆ. ಇತರರ ವರದಿಗಳನ್ನು ತಿದ್ದುವುದು ಅವನ ಕಾಯಕ. ಬಹಳ ಪ್ರಶ್ನೆ ಕೇಳುತ್ತಾನೆಂದು ವರದಿಗಾರರು ಬೇಸರಪಡುತ್ತಾರಂತೆ.

ಹೋದ ವರ್ಷ ಮತ್ತೊಂದು ತಂಡವನ್ನು ಕರೆದುಕೊಂಡು ನಾವು ಅಲ್ಲಿಗೆ ಹೋದೆವು. ಆ ಮನೆಯ ಕಡೆಗೆ ಯಾರನ್ನೂ ಕಳುಹಿಸಬಾರದೆಂದು ನಮ್ಮ ಯೋಚನೆ. ಆಕೆಯೇ ಅಂಗಳದಿಂದ ಕರೆದು, "ಒಬ್ಬರು ಬರಲಿ ಮಾಸ್ಟ್ರೇ" ಎಂದಳು. ತುಳು ಬಲ್ಲ ಹುಡುಗಿಯೊಬ್ಬಳು ಹೋಗಿ ಕುಳಿತು ಬರೆದುಕೊಂಡು ಬಂದಳು. ಮರುವಾರ ತಿರುಗಿ ಹೋಗಿ ಅದನ್ನು ಓದಿ ಹೇಳಿದಳು. ಆಕೆ ಹೂ ಕಟ್ಟುತ್ತಲೇ ಕೊನೆಯವರೆಗೂ ಕೇಳಿ, ನಡುವಿನ ಒಂದು ವಾಕ್ಯವನ್ನು ಇನ್ನೊಮ್ಮೆ ಓದಲು ಹೇಳಿ, ಅದು ಬೇಡವೆಂದಳು. ಲೇಖನದಲ್ಲಿ ಚೆನ್ನಾಗಿ ಬಂದಿದ್ದ ವಾಕ್ಯವೆಂದರೆ ಅದೇ. ಹುಡುಗಿ ನಮ್ಮ ಮುಖವನ್ನು ನೋಡಿದಳು. ನಾವು ಏನೂ ಹೇಳಲಿಲ್ಲ. ಅವಳು ಪೆನ್ನು ತೆಗೆದು ಅಲ್ಲಿಯೇ ಅದನ್ನು ಹೊಡೆದುಹಾಕಿದಳು. ಉಳಿದ ಭಾಗ ಮುಂದಿನ ಸಂಚಿಕೆಯಲ್ಲಿ ಅಚ್ಚಾಯಿತು. ಅಟ್ಟೆಯ ಬೆಲೆಯೂ ಸರಿಯಾಗಿತ್ತು.